ಖುರುಮ್‌ನ ಗೋಡೆಯ ಮೇಲೆ ಲಾಹೋರ್ ದರ್ಬಾರು

ಒಂದು ಗೋಡೆ ನನಗೆ ಎಷ್ಟಕ್ಕೆ ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ಸಲ ಬೋರ್ಡು ಪ್ರಿಂಟ್ ಮಾಡಿಸಿದ ಖರ್ಚು, ಬಕ್ರೀದ್ ಸೀಸನ್ನಿನ ಲಾಭದಲ್ಲಿ ಒಂದು ದಪ್ಪ ತುಂಡು, ಜೊತೆಗೆ ನನ್ನ ಮಾತಿಗೆ ಇದ್ದ ಬೆಲೆಯಲ್ಲಿ ಸ್ವಲ್ಪ. ಹಾಗೆ ನೋಡಿದರೆ ಗೋಡೆ ನನ್ನದಲ್ಲ, ಅಂಗಡಿ ನನ್ನದಲ್ಲ, ಅದರ ಮೇಲೆ ಬರೆದ ಇತಿಹಾಸವಂತೂ ನನ್ನದಲ್ಲವೇ ಅಲ್ಲ. ಆದರೂ ಜೇಬು ಖಾಲಿಯಾದದ್ದು ನನ್ನದು. ಯಾಕೆಂದರೆ ನಾನು ಚೌಕಾಸಿ ಮಾಡಿಯೇ ಅನ್ನ ತಿಂದವನು. ಇನ್ನೂರು ವರ್ಷ ಹಳೆಯ ರಾಜ್ಯಭಾರವನ್ನೂ ಚೌಕಾಸಿಯಲ್ಲಿ ಮುಗಿಸಬಹುದು ಎಂದುಕೊಂಡೆ.

ನಾನು ಮಸ್ಸರ್ ವ್ಯಾಪಾರಿ. ಒಮಾನಿ ಗಂಡಸರು ತಲೆಗೆ ಸುತ್ತುವ ಕಸೂತಿಯ ಚೌಕ ಬಟ್ಟೆಯೇ ಮಸ್ಸರ್. ಅದರಲ್ಲಿ ಉತ್ತಮ ಮಾಲು ಕಾಶ್ಮೀರದ್ದು, ಉಣ್ಣೆಯ ಮೇಲೆ ಕೈಕಸೂತಿ. ಅಗ್ಗದ ಮಾಲು ಅಮೃತಸರದ ಕಡೆಯದು, ಮೆಷಿನ್ ಕೆಲಸ. ಮಸ್ಕತ್ತಿನ ಅಲ್ ಮಬೇಲಾ ಬಡಾವಣೆಯ ನನ್ನ ಗೋಡೌನಿನಲ್ಲಿ ಎರಡೂ ಉಂಟು. ಮಾರುಕಟ್ಟೆಯಲ್ಲಿ ಎರಡನ್ನೂ ಕರೆಯುವುದು 'ಕಾಶ್ಮೀರಿ' ಎಂದೇ. ಅದು ನಾನು ಮಾಡಿದ ಪದ್ಧತಿಯಲ್ಲ, ನಾನು ಬರುವ ಮೊದಲೇ ಇತ್ತು.

ಸೀಬ್ ಮಾರ್ಕೆಟ್ಟಿನಲ್ಲಿ ತಂದೆಯ ಕಾಲದ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಒಮಾನಿ ಧಣಿ ಮಸ್ಕತ್ತಿನ ಇನ್ನೊಂದು ಬಡಾವಣೆ ಖುರುಮ್‌ನಲ್ಲಿ ದೊಡ್ಡ ಶೋರೂಮ್ ತೆರೆಯುವವರಿದ್ದರು. ಇಲ್ಲಿ ಧಣಿಯನ್ನು ಅರ್ಬಾಬ್ ಎನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಶೋರೂಮಿನ ಕಾಶ್ಮೀರಿ ಮಾಲು ಪೂರ್ತಿ ನನ್ನ ಮೂಲಕವೇ ಬರುವಂತೆ ಮಾತು ನಡೆದಿತ್ತು. ಖರ್ಜೂರ ತಿಂದು, ಕಾಫಿಯ ಸಣ್ಣ ಲೋಟ ಅಲ್ಲಾಡಿಸಿ ಸಾಕೆಂದು ವಾಪಸು ಕೊಟ್ಟು, ಏಳಬೇಕು ಎನ್ನುವಾಗ ಅವರು ಒಳಗಿನ ಉದ್ದದ ಗೋಡೆ ತೋರಿಸಿದರು.

"ಇದರ ಮೇಲೆ ಬರೆಸು. ಈ ಬಟ್ಟೆ ಎಲ್ಲಿಂದ ಬಂತು, ಯಾರು ನೇಯ್ದರು, ನೇಯ್ದವರ ಗತಿ ಏನಾಯಿತು. ಟೂರಿಸ್ಟ್ ಓದಬೇಕು. ಓದಿದವನು ಬೆಲೆ ಕೇಳಿ ಬೆಚ್ಚಬಾರದು."

"ಆಯಿತು ಅರ್ಬಾಬ್."

"ಇಂಗ್ಲಿಷ್, ಅರಬ್ಬಿ, ಉರ್ದು. ಮೂರರಲ್ಲೂ."

"ಅದೂ ಆಯಿತು."

"ನಿನಗೆ ಇತಿಹಾಸ ಗೊತ್ತಾ?"

"ಗೊತ್ತಿರುವವರು ನನಗೆ ಗೊತ್ತು."

ಅವರು ನಕ್ಕರು. ಆಮೇಲೆ ನಗದೆ ಹೇಳಿದರು: ಬಕ್ರೀದಿಗೆ ಮೊದಲು ಅಂಗಡಿ ತೆರೆಯುವುದು, ಅಷ್ಟರಲ್ಲಿ ಗೋಡೆ ಆಗಬೇಕು. ಗೋಡೆ ಆದರೆ ಮಾಲಿನ ಗುತ್ತಿಗೆ ನನ್ನದು. ಆಗದಿದ್ದರೆ ದುಬೈಯ ಪಾರ್ಟಿಯೊಂದು ಕಾದು ಕುಳಿತಿದೆ, ಅದು ಮಾಲನ್ನೂ ಗೋಡೆಯನ್ನೂ ಒಟ್ಟಿಗೆ ಮಾಡಿಕೊಡುತ್ತದೆ. ಇಲ್ಲಿ ಒಂದು ಬುದ್ಧಿಮಾತು, ಫ್ರೀ: ಗಿರಾಕಿ ಎದ್ದು ನಿಂತ ಮೇಲೆ ಹೇಳುವ ಕೆಲಸಕ್ಕೆ ಕೂಡಲೇ ಹೂಂ ಅನ್ನಬೇಡಿ. ಅವನಿಗೆ ನಿಜವಾಗಿ ಬೇಕಾದದ್ದು ಅದೇ ಆಗಿರುತ್ತದೆ.

ನನಗೆ ಗೊತ್ತಿದ್ದದ್ದು ಅಲ್ ಹೈಲ್‌ನಲ್ಲಿರುವ ಒಬ್ಬರು ಟೀಚರ್. ಮೈಸೂರು ಕಡೆಯವರು, ಇಂಡಿಯನ್ ಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾರೆ, ಊರಿಗೆ ಹೋಗುವಾಗಲೆಲ್ಲ ನನ್ನ ಹತ್ತಿರ ಶಾಲು ಕೊಳ್ಳುತ್ತಾರೆ, ಒಂದು ಪೈಸೆ ಬಿಡುವುದಿಲ್ಲ. ದುಡ್ಡಿನ ಮಾತೆತ್ತಿದಾಗ ಕೈ ಅಡ್ಡ ಆಡಿಸಿದರು.

"ದುಡ್ಡೇನೂ ಬೇಡ ಸಾಹೇಬ್ರೇ. ಒಂದೇ ಕಂಡಿಷನ್ನು. ನಾನು ಬರ್ದಿದ್ದನ್ನ ನೀವು ತಿದ್ದೋಹಾಗಿಲ್ಲ."

"ಛೆ ಛೆ, ನಾನೆಂತ ತಿದ್ದುವುದು ಟೀಚರ್ರೆ, ನನಗೆ ಅಷ್ಟು ಇಂಗ್ಲಿಷ್ ಬಂದರಲ್ವಾ?"

ಅವರು ಬರೆದು ಕೊಟ್ಟದ್ದು ಒಂದೇ ಪುಟ, ಆದರೆ ನಾನು ಎಣಿಸಿದ ಹಾಗೆ ಇರಲಿಲ್ಲ. ಚಿನಾರ್ ಮರ, ದೋಣಿಮನೆ, ರಾಣಿಯರು ಹೊದ್ದ ಶಾಲು, ಇಂಥದ್ದು ಬರುತ್ತದೆಂದು ಎಣಿಸಿದ್ದೆ. ಬಂದದ್ದು ತೆರಿಗೆ. ಅರ್ಥವಾಗಲಿಲ್ಲ ಎಂದಾಗ ಕೂರಿಸಿ ಬಿಡಿಸಿ ಹೇಳಿದರು. ಕಾಶ್ಮೀರವನ್ನು ಮೊದಲು ಅಫ್ಘಾನರು ಆಳುತ್ತಿದ್ದರು, ಆ ಆಡಳಿತ ಕ್ರೂರವಾಗಿತ್ತು. ಅದರಿಂದ ಬೇಸತ್ತ ಅಲ್ಲಿಯ ಕೆಲವು ದೊಡ್ಡವರೇ ಲಾಹೋರಿನ ಸಿಖ್ ಮಹಾರಾಜನನ್ನು ಕರೆದರು. ಸೈನ್ಯ ಬಂತು, ಅಫ್ಘಾನರು ಹೋದರು, ಮುಂದಿನ ಇಪ್ಪತ್ತೇಳು ವರ್ಷ ಲಾಹೋರಿನಿಂದ ಒಬ್ಬರ ಮೇಲೊಬ್ಬರಂತೆ ಸುಬೇದಾರರು, ಅಂದರೆ ಪ್ರಾಂತ್ಯದ ಅಧಿಕಾರಿಗಳು, ಬಂದು ಆಳಿದರು. ಬಂದವನಿಗೆ ಎಷ್ಟು ದಿನ ಇರುತ್ತೇನೆಂದು ಗೊತ್ತಿಲ್ಲ, ಲಾಹೋರಿಗೆ ಹಣ ಕಳಿಸಬೇಕು ಎನ್ನುವುದಷ್ಟೇ ಗೊತ್ತು. ಹಣ ಇದ್ದದ್ದು ಶಾಲಿನಲ್ಲಿ. ಪ್ರತಿ ಶಾಲಿನ ಮೇಲೆ ಸರಕಾರಿ ಮೊಹರು ಬೀಳಬೇಕು, ಮೊಹರಿಗೆ ಶಾಲಿನ ಬೆಲೆಯ ಕಾಲು ಪಾಲಿನಷ್ಟು ತೆರಿಗೆ.

"ಕಾಲು ಪಾಲಾ?" ನಾನು ಎದ್ದೇ ಬಿಟ್ಟೆ. "ಮತ್ತೆ ನೇಯ್ದವನಿಗೆ ಎಂತ ಉಳಿಯುವುದು?"

"ಅದನ್ನೇ ಬರ್ದಿರೋದು ನಾನು."

ನೇಯುವವನಿಗೆ ಸಾಲ ಉಳಿಯುತ್ತಿತ್ತು. ಜೊತೆಗೆ ಬಿಟ್ಟಿ ದುಡಿಮೆ. ಬೆಟ್ಟದಾಚೆಗೆ ಸರಕಾರದ ಹೊರೆ ಹೊರಲು ಹಳ್ಳಿಯವರನ್ನು ಹಿಡಿದು ಒಯ್ಯುತ್ತಿದ್ದರು. ಶ್ರೀನಗರದ ದೊಡ್ಡ ಮಸೀದಿಯ ಬಾಗಿಲು ಎರಡು ದಶಕ ನಮಾಜಿಗೆ ಮುಚ್ಚಿತ್ತು, ಬಾಂಗಿಗೂ ತಡೆ, ದನ ಕೊಂದವನಿಗೆ ಮರಣದಂಡನೆ. ನಡುವೆ ಭೀಕರ ಬರಗಾಲ. ನೇಕಾರರು ಗುಡ್ಡ ಇಳಿದು ಪಂಜಾಬಿನ ಪೇಟೆಗಳಿಗೆ ಓಡಿದರು. ಆಮೇಲೆ ಬಂದ ಒಬ್ಬ ಸುಬೇದಾರ ಧಾನ್ಯ ತರಿಸಿ, ಕೆಲವು ತೆರಿಗೆ ಇಳಿಸಿ, ಊರನ್ನು ಮತ್ತೆ ನಿಲ್ಲಿಸಿದ, ಅವನೂ ಸಿಖ್ಖನೇ. ಕೊನೆಗೆ ಲಾಹೋರ್ ಯುದ್ಧದಲ್ಲಿ ಸೋತಾಗ ಇಂಗ್ಲಿಷರು ಕಾಶ್ಮೀರವನ್ನು ಜನರ ಸಮೇತ ಜಮ್ಮುವಿನ ರಾಜನಿಗೆ ಮಾರಿದರು. ನಾನು ಇಷ್ಟು ವರ್ಷದಿಂದ ಇದೇ ಬಟ್ಟೆ ಮಡಚುತ್ತಿದ್ದೇನೆ, ಅದರ ಮಡಿಕೆಯಲ್ಲಿ ಇಷ್ಟೆಲ್ಲ ಉಂಟು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದು ಬೇರೆ.

ತಾಪತ್ರಯ ಶುರುವಾದದ್ದು ನನಗೆ ಮಾಲು ಕೊಡುವ ಕಾಶ್ಮೀರಿ ವ್ಯಾಪಾರಿಯಿಂದ. ಗೋಡೆಯ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಅವರ ಮನೆತನದ ಹಳೆಯ ಶಾಲೊಂದನ್ನು ಕೇಳಿದ್ದೆ. ತಂದರು. ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಟೀಚರ್ ಬರೆದ ಪುಟದ ಉರ್ದು ಕರಡು ಓದಿದರು. ನಮ್ಮ ಮಾತೆಲ್ಲ ಹಿಂದಿ-ಉರ್ದುವಿನಲ್ಲಿ.

"ಹಾಜಿ ಸಾಬ್, ಇದೆಂಥ ಸಪ್ಪೆ ಬರಹ? ತಲೆಬರಹ ಹಾಕಿ: ಸಿಖ್ಖರ ಜುಲುಮು."

"ಖ್ವಾಜಾ ಸಾಬ್, ಇದು ಬಟ್ಟೆ ಅಂಗಡಿ."

"ಬಟ್ಟೆಯ ಮೇಲೇ ಅಲ್ಲವೇ ಜುಲುಮು ನಡೆದದ್ದು? ನೇಕಾರರು ತೆರಿಗೆ ತಾಳದೆ ತಮ್ಮ ಹೆಬ್ಬೆರಳು ತಾವೇ ಕತ್ತರಿಸಿಕೊಂಡರು, ಅದನ್ನು ಬರೆದಿಲ್ಲ. ಅಫ್ಘಾನರ ಮಾತು ಎಂತಕ್ಕೆ? ತೆಗೆಯಿರಿ. ಇಲ್ಲವಾದರೆ ಶಾಲು ನನ್ನ ಜೊತೆಗೇ ವಾಪಸು."

ಟೀಚರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು, 'ಅಮ್ಮ ಈಸ್ ಇನ್ ದಿ ಕಿಚನ್' ಎಂದು ಇಟ್ಟೇಬಿಟ್ಟಳು. ಎರಡನೆಯ ಸಲ ಟೀಚರ್ ಸಿಕ್ಕರು. ಹೆಬ್ಬೆರಳಿನ ಕಥೆಯನ್ನು ಬೇರೆ ಬೇರೆ ಊರಿನ ನೇಕಾರರ ಬಗ್ಗೆಯೂ ಹೇಳುತ್ತಾರೆ, ಗಟ್ಟಿ ಆಧಾರ ತನಗೆ ಸಿಕ್ಕಿಲ್ಲ, ಹಾಕುವುದಿಲ್ಲ ಎಂದರು. ಮೊಹರಿನ ತೆರಿಗೆ ಶುರು ಮಾಡಿದ್ದೇ ಅಫ್ಘಾನ್ ಆಡಳಿತ, ಅದನ್ನು ತೆಗೆಯುವುದಿಲ್ಲ ಎಂದೂ ಹೇಳಿದರು. ಆ ಕಾಶ್ಮೀರಿ ಶಾಲಿನವರಿಗೆ ನಾನು "ನೋಡುವ, ಮಾಡುವ" ಎಂದೆ. ವ್ಯಾಪಾರದಲ್ಲಿ ಇದಕ್ಕೆ ಆಗುವುದಿಲ್ಲ ಎಂದೇ ಅರ್ಥ. ಅವರು ಆಯಿತು ಎಂದು ತಿಳಿದುಕೊಂಡರು, ಅಥವಾ ತಿಳಿದುಕೊಂಡಂತೆ ಮಾಡಿದರು.

ಇನ್ನೊಂದು ಕಡೆ ಮರಗೆಲಸದ ಕಂಟ್ರಾಕ್ಟರ್. ಸಿಖ್, ಅಮೃತಸರದ ಹತ್ತಿರದ ಹಳ್ಳಿಯವರು. ಮಬೇಲಾದಲ್ಲಿ ನನ್ನ ಗೋಡೌನಿನ ಹಿಂದಿನ ಓಣಿಯಲ್ಲೇ ಅವರ ವರ್ಕ್‌ಶಾಪ್. ಶೋರೂಮಿನ ಕಪಾಟು, ಕೌಂಟರು, ಆ ಗೋಡೆಯ ಚೌಕಟ್ಟು, ಎಲ್ಲ ಅವರದೇ ಕೆಲಸ. ಬೋರ್ಡಿನ ಅಳತೆಗೆಂದು ಪುಟವನ್ನು ಅವರಿಗೂ ಕಳಿಸಿದ್ದೆ. ಅಳತೆ ಬಿಟ್ಟು ಬರಹ ಓದಿದ್ದಾರೆ. ಮರದ ಹೊಟ್ಟು ಗಡ್ಡದಲ್ಲಿರುವಾಗಲೇ ಬಂದರು.

"ಏನು ಭಾಯಿಜಾನ್, ನನ್ನ ಕೈಯಿಂದಲೇ ನನ್ನ ಮೇಲೆ ಮೊಳೆ ಹೊಡೆಸ್ತೀಯಾ?"

"ಪಾಜಿ, ಅದು ನಿಮ್ಮ ಮೇಲಲ್ಲ."

"ಸಿಖ್ಖರು ಮಸೀದಿ ಮುಚ್ಚಿದರು ಅಂತ ಇದೆ. ನಾನೇನು ಪಾರ್ಸಿಯಾ? ಮಹಾರಾಜನ ಸೈನ್ಯದಲ್ಲಿ ಮುಸಲ್ಮಾನರಿದ್ದರು, ಮಂತ್ರಿಗಳಲ್ಲಿ ಮುಸಲ್ಮಾನರಿದ್ದರು, ಅದನ್ನು ಯಾಕೆ ಬರೆದಿಲ್ಲ? ಧಾನ್ಯ ತಂದವನಿಗೆ ಒಂದು ಸಾಲು, ಬಾಗಿಲಿಗೆ ಮೂರು ಸಾಲು! ಆ ಬಾಗಿಲು ಹೋಗಬೇಕು. ಇಲ್ಲ ಅಂದ್ರೆ ಬೇರೆ ಬಡಗಿ ನೋಡ್ಕೋ."

ಹಬ್ಬದ ಮುಂಚೆ ಮಸ್ಕತ್ತಿನಲ್ಲಿ ಬೇರೆ ಬಡಗಿ! ಹಬ್ಬದ ಮುಂಚೆ ಇಲ್ಲಿ ಟೈಲರ್ ಸಿಗುವುದಿಲ್ಲ, ಕಟುಕ ಸಿಗುವುದಿಲ್ಲ, ಕ್ಷೌರಿಕನೂ ಸಿಗುವುದಿಲ್ಲ.

ಆಗ ನಾನು ಅಂಗಡಿಯ ಬುದ್ಧಿ ಉಪಯೋಗಿಸಿದೆ. ಇಬ್ಬರು ಗಿರಾಕಿಗಳು ಒಂದೇ ಮಾಲಿಗೆ ಬಂದರೆ ನಾವು ಮಾಡುವುದು ಏನು? ಇಬ್ಬರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಒಬ್ಬರಿಗೆ ಮುಂದಿನ ಕೌಂಟರಿನಲ್ಲಿ ಒಂದು ರೇಟು, ಇನ್ನೊಬ್ಬರಿಗೆ ಒಳಗೆ ಇನ್ನೊಂದು ರೇಟು. ಇಬ್ಬರೂ ಗೆದ್ದೆವೆಂದು ಹೋಗುತ್ತಾರೆ. ಕಂಟ್ರಾಕ್ಟರ್ ಓದುವುದು ಇಂಗ್ಲಿಷ್, ಉರ್ದು ಲಿಪಿ ಅವರಿಗೆ ಬಾರದು. ಶಾಲಿನವರು ನೋಡುವುದು ಉರ್ದು. ಹಾಗಾಗಿ ಇಂಗ್ಲಿಷಿನಲ್ಲಿ ಮಸೀದಿ, ಬಾಂಗು, ಬಿಟ್ಟಿ ದುಡಿಮೆ ತೆಗೆದು ಧಾನ್ಯದ ಸುಬೇದಾರನನ್ನು ಉದ್ದ ಮಾಡಿಸಿದೆ. ಉರ್ದುವಿನಲ್ಲಿ ಅಫ್ಘಾನರನ್ನು ತೆಗೆದು ಜುಲುಮಿನ ತಲೆಬರಹ ಹಾಕಿಸಿದೆ, ಹೆಬ್ಬೆರಳನ್ನೂ ಸೇರಿಸಿದೆ. ಟೀಚರಿಗೆ ಹೇಳಲಿಲ್ಲ. ಒಂದು ಪುಟ ಎರಡಾಯಿತು, ಇಬ್ಬರೂ ಖುಷಿ. ನನ್ನ ಬೆನ್ನು ನಾನೇ ತಟ್ಟಿಕೊಂಡು ಪ್ರಿಂಟಿಗೆ ಕೊಟ್ಟೆ.

ಅರಬ್ಬಿಗೆ ಅನುವಾದ ಮಾಡುವವನು ಫೋನ್ ಮಾಡಿ, "ಎರಡು ಕಾಗದ ಕಳಿಸಿದ್ದೀರಿ. ಯಾವ ದೇಶದ್ದು ಯಾವುದು?" ಎಂದು ಕೇಳಿದ. ಅಲ್ಲೇ ನಿಲ್ಲಿಸಬೇಕಿತ್ತು. "ಎರಡರಲ್ಲೂ ಇರುವುದನ್ನು ಮಾತ್ರ ಮಾಡು" ಎಂದೆ. ಎರಡರಲ್ಲೂ ಇದ್ದದ್ದು ಮೊಹರು, ಬರಗಾಲ ಮತ್ತು ಶಾಲು ಬೆಚ್ಚಗಿರುತ್ತದೆ ಎನ್ನುವ ಒಂದು ವಾಕ್ಯ.

ಬೋರ್ಡು ಕೂರಿಸುವ ಬೆಳಿಗ್ಗೆ ಖುರುಮ್‌ಗೆ ಹೋದರೆ ಎಲ್ಲ ಸರಿ ಇತ್ತು. ಇಂಗ್ಲಿಷ್ ಬೋರ್ಡು ಏರಿತ್ತು, ಉರ್ದುವಿನದನ್ನು ಇಬ್ಬರು ಹಿಡಿದಿದ್ದರು, ಕಂಟ್ರಾಕ್ಟರ್ ಕೆಳಗೆ ನಿಂತು ಮಟ್ಟ ನೋಡುತ್ತಿದ್ದರು. ಪಕ್ಕದಲ್ಲಿ ಏಣಿಯ ಮೇಲೆ ಪೇಶಾವರದ ಪೇಂಟರ್. ಒಮಾನಿನಲ್ಲಿ ಉರ್ದು ಓದುವವರು ಎಲ್ಲ ಏಣಿಯ ಮೇಲೂ ಇರುತ್ತಾರೆ ಎನ್ನುವುದನ್ನು ನಾನು, ಇಷ್ಟು ವರ್ಷ ಇಲ್ಲಿದ್ದವನು, ಹೇಗೆ ಮರೆತೆನೋ! ಆತ ಬ್ರಷ್ ಕೆಳಗಿಟ್ಟು, ಮುಶಾಯಿರದಲ್ಲಿ ನಿಂತ ಉರ್ದು ಕವಿಯ ಹಾಗೆ, ತಲೆಬರಹದಿಂದ ಶುರು ಮಾಡಿ ಜೋರಾಗಿ ಓದಿದ.

"ಪಾಜಿ, ನಿಮ್ಮನ್ನು ಚೆನ್ನಾಗಿ ಝಾಡಿಸಿದ್ದಾರೆ! ಆದರೆ ಅವರಿಗಿಂತ ಮೊದಲು ಆಳಿದ ಅಫ್ಘಾನರ, ನಮ್ಮ ಪಠಾಣರ, ಹೆಸರೇ ಇಲ್ಲ. ನಾವು ಅಷ್ಟು ಒಳ್ಳೆಯವರಾ?"

ಕಂಟ್ರಾಕ್ಟರ್ ಮಟ್ಟಗೋಲನ್ನು ನಿಧಾನವಾಗಿ ಪೆಟ್ಟಿಗೆಯೊಳಗೆ ಇಟ್ಟರು. "ಇಳಿಸ್ರೋ," ಎಂದರು. ಅಷ್ಟರಲ್ಲಿ ಗಾಜಿನ ಪೆಟ್ಟಿಗೆ ನೋಡಲು ಶಾಲಿನವರೂ ಬಂದರು. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಇಷ್ಟು ದಿನ ಇನ್‌ವಾಯ್ಸ್ ಎಲ್ಲ ಅವರೇ ಬರೆಯುತ್ತಿದ್ದರು ಎನ್ನುವುದು ಆಗ ನನ್ನ ತಲೆಗೆ ಹೊಳೆಯಿತು.

"ಬಾಗಿಲು ಎಲ್ಲಿ, ಹಾಜಿ ಸಾಬ್? ನಮ್ಮ ಮಸೀದಿ ಎಲ್ಲಿ ಹೋಯಿತು?"

"ನನ್ನ ಮೇಲೆ ಜುಲುಮು ಬರೆಸಿದ್ದು ನೀನಾ?" ಎಂದು ಕಂಟ್ರಾಕ್ಟರ್ ಅವರ ಕಡೆ ತಿರುಗಿದರು.

"ನಡೆದದ್ದನ್ನು ಬರೆಸಿದೆ."

"ಹೆಬ್ಬೆರಳು ನಡೆದದ್ದಾ? ನೀನು ನೋಡಿದ್ಯಾ?"

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಬೈದು, ಆಮೇಲೆ ಒಟ್ಟಾಗಿ ನನ್ನನ್ನು ಬೈದರು. ಅಷ್ಟು ಹೊತ್ತಿಗೆ ಅರ್ಬಾಬ್ ಹಿಂದೆ ಬಂದು ನಿಂತಿದ್ದರು. ಅವರು ಇಂಗ್ಲಿಷ್ ಓದಿದರು. ಪೇಂಟರಿನ ಬಾಯಿಂದ ಉರ್ದು ಕೇಳಿದರು. ಅರಬ್ಬಿ ಬೋರ್ಡನ್ನು ನೆಲದಿಂದ ಎತ್ತಿ ನೋಡಿದರು, ಅದರಲ್ಲಿ ಹೆಚ್ಚೇನೂ ಇರಲಿಲ್ಲ.

"ಒಂದು ಗೋಡೆಗೆ ಒಂದು ಮಾತು," ಎಂದರು. "ಶುಕ್ರವಾರ ಕಳೆದ ಮೇಲೆ ಬರುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ಬಿಳಿ ಬಣ್ಣ ಹೊಡೆಸು, ದುಬೈಗೆ ಫೋನ್ ಮಾಡುತ್ತೇನೆ. ಖಲಾಸ್."

ಸುದ್ದಿ ಟೀಚರಿಗೆ ಯಾರು ಮುಟ್ಟಿಸಿದರೋ, ನಾನು ಕಾರು ಹತ್ತುವಷ್ಟರಲ್ಲಿ ಅವರ ಫೋನ್.

"ಏನ್ರೀ ಮಾಡಿದೀರಾ ನೀವು? ಮಕ್ಕಳು ಪರೀಕ್ಷೇಲಿ ಕಾಪಿ ಹೊಡೆದ್ರೂ ಇಷ್ಟು ಕೆಟ್ಟದಾಗಿ ಹೊಡೆಯಲ್ಲ."

"ಇಬ್ಬರಿಗೂ ಬೇಸರ ಆಗಬಾರದು ಅಂತ ಟೀಚರ್ರೆ..."

"ಇಬ್ಬರಿಗೂ ಸುಳ್ಳು ಹೇಳಿದ್ರಿ. ನಿಮ್ಮ ಕೈಲೇ ಬಾಂಗನ್ನ ಅಳಿಸಿದ್ರಲ್ಲ ಸಾಹೇಬ್ರೇ, ಕೈ ಹೇಗೆ ಬಂತು?"

ಮಬೇಲಾ ಮುಟ್ಟುವವರೆಗೆ ಹೈವೇಯಲ್ಲಿ ಅದೊಂದೇ ಮಾತು ಕಿವಿಯಲ್ಲಿತ್ತು. ಕೈ ಸುಲಭವಾಗಿಯೇ ಬಂದಿತ್ತು. ಅಲ್ಲಿ ಬಾಂಗು ನನಗೆ ಒಂದು ಸಾಲು ಆಗಿತ್ತು, ತೆಗೆದರೆ ಬಡಗಿ ಸಿಗುತ್ತಾನೆ, ಅಷ್ಟೇ. ಬಿಳಿ ಬಣ್ಣದ ಬಗ್ಗೆಯೂ ಯೋಚಿಸಿದೆ. ಗೋಡೆ ಬಿಟ್ಟರೆ ಗುತ್ತಿಗೆ ಹೋಗುತ್ತದೆ, ಇಬ್ಬರಲ್ಲಿ ಒಬ್ಬರ ಪರ ನಿಂತರೆ ಒಂದೋ ಶಾಲು ಹೋಗುತ್ತದೆ, ಅಲ್ಲವೋ ಬಡಗಿ. ಬೇರೆ ಬೇರೆ ಮಾತಾಡಿದ್ದರಿಂದಲೇ ಕೆಟ್ಟದ್ದು ತಾನೇ? ಹಾಗಾದರೆ ಇನ್ನು ಒಳಗಿನ ರೇಟು ಇಲ್ಲ, ಹೊರಗಿನ ರೇಟು ಇಲ್ಲ, ಎಲ್ಲರೂ ಒಂದೇ ಕೌಂಟರಿಗೆ ಬರಬೇಕು. ನನ್ನ ವ್ಯಾಪಾರದಲ್ಲಿ ನಾನು ಯಾವತ್ತೂ ಮಾಡದ ಕೆಲಸ ಅದು. ಕಾರು ನಿಲ್ಲಿಸಿದವನೇ ಟೀಚರನ್ನು ಬರಲು ಒಪ್ಪಿಸಿ, ಇಬ್ಬರಿಗೂ ಒಂದೇ ಮೆಸೇಜು ಹಾಕಿದೆ: ಶುಕ್ರವಾರ ಸಂಜೆ ಅಸರ್ ನಮಾಜಿನ ನಂತರ ನನ್ನ ಗೋಡೌನ್, ಇನ್ನೊಬ್ಬರೂ ಬರುತ್ತಾರೆ, ಟೀಚರೂ ಇರುತ್ತಾರೆ.

ಇಬ್ಬರೂ ಬರುವುದಿಲ್ಲ ಎಂದರು. ಇಬ್ಬರೂ ಬಂದರು.

ಬಟ್ಟೆಯ ಬೇಲುಗಳ ಮೇಲೆ ಕುಳಿತೆವು. ಚಹಾ, ಸಮೋಸ. ನಡುವೆ ಮೇಜಿನ ಮೇಲೆ ಆ ಹಳೆಯ ಶಾಲು, ಪಕ್ಕದಲ್ಲಿ ಟೀಚರ್ ಮೊದಲು ಬರೆದ ಪುಟ, ತಿದ್ದದೆ ಇದ್ದದ್ದು. ಟೀಚರ್ ಪೆನ್ಸಿಲ್ ಹಿಡಿದು ಪರೀಕ್ಷಾ ಕೊಠಡಿಯಲ್ಲಿ ಕೂತ ಹಾಗೆ ಕೂತಿದ್ದರು. ಸುಮ್ಮನೆ ವಾದ ಬಿಟ್ಟರೆ ರಾತ್ರಿಯ ಇಶಾ ನಮಾಜಿನವರೆಗೂ ನಡೆಯುತ್ತದೆಂದು ಗೊತ್ತಿತ್ತು. ಹಾಗಾಗಿ ನಾನು ಒಂದು ಷರತ್ತು ಹಾಕಿದೆ: "ಯಾವ ಸಾಲು ಬೇಡವೋ ಅದನ್ನು ಬೇಡ ಅನ್ನುವವರೇ ಜೋರಾಗಿ ಓದಬೇಕು. ಓದಿದ ಮೇಲೆ ಮಾತು."

"ಇದೆಂಥ ಶಾಲೆ?" ಎಂದರು ಕಂಟ್ರಾಕ್ಟರ್.

"ಓದಿ ಪಾಜಿ."

ಅವರು ಕನ್ನಡಕ ಏರಿಸಿ ಒಂದೊಂದೇ ಪದ ಮುಟ್ಟಿ ಓದಿದರು. ದೊಡ್ಡ ಮಸೀದಿಯ ಬಾಗಿಲು ಮುಚ್ಚಿತ್ತು. ಬಾಂಗು ಕೂಗುವಂತಿರಲಿಲ್ಲ. ಅಲ್ಲಿಗೆ ನಿಂತರು. ಶಾಲಿನವರು ಮುಖ ತಿರುಗಿಸಿ ಬೇಲಿನ ಹಗ್ಗ ಎಳೆಯುತ್ತಿದ್ದರು.

"ಎಷ್ಟು ವರ್ಷ ಮೇಡಂ?"

"ಎರಡು ದಶಕ. ಆಮೇಲೆ ಇನ್ನೊಬ್ಬ ಸುಬೇದಾರ ತೆಗೆಸಿದ."

"ಎರಡು ದಶಕ." ಕಾಗದ ಮಡಿಲಲ್ಲಿಟ್ಟರು. "ಅಫ್ಘಾನರು ಅಮೃತಸರದ ಸ್ವರ್ಣ ಮಂದಿರ, ನಮ್ಮ ದರ್ಬಾರ್ ಸಾಹಿಬ್, ಒಡೆದದ್ದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಮಕ್ಕಳಿಗೆ ಹೇಳುತ್ತೇವೆ. ಇವನು ಹೇಳಬಾರದು ಅಂತ ಹೇಗೆ ಅನ್ನಲಿ? ಇರಲಿ ಬಾಗಿಲು. ಆದರೆ ಸಿಖ್ಖರು ಮುಚ್ಚಿದರು ಅನ್ನಬೇಡಿ. ನನ್ನ ಅಜ್ಜನ ಅಜ್ಜ ಆಗ ಹೊಲ ಉಳುತ್ತಿದ್ದ, ಕಾಶ್ಮೀರದ ದಾರಿಯೂ ಅವನಿಗೆ ಗೊತ್ತಿರಲಿಲ್ಲ."

"ಹಾಗಾದರೆ ಯಾರು ಮುಚ್ಚಿದ್ದು? ಗಾಳಿಯಾ?" ಎಂದರು ಶಾಲಿನವರು.

"ಮುಚ್ಚು ಅಂತ ಹುಕುಂ ಕೊಟ್ಟವನು ಮುಚ್ಚಿದ. ಅವನ ಹುದ್ದೆ ಬರಿ."

ಟೀಚರ್ ಬರೆದು ಓದಿದರು: ಲಾಹೋರಿನ ಸಿಖ್ ದರ್ಬಾರು ನೇಮಿಸಿದ ಸುಬೇದಾರ ಮುಚ್ಚಿಸಿದ. ಸಿಖ್ ಎನ್ನುವ ಮಾತು ಉಳಿಯಬೇಕೆಂದು ಶಾಲಿನವರು, ಹೋಗಬೇಕೆಂದು ಕಂಟ್ರಾಕ್ಟರ್. ಅದಕ್ಕೇ ಒಂದು ಸುತ್ತಿನ ಚಹಾ ಮುಗಿಯಿತು. ಟೀಚರ್ ಪೆನ್ಸಿಲ್ ಕೆಳಗಿಡಲಿಲ್ಲ. "ರಾಜ್ಯಕ್ಕೆ ಆ ಹೆಸರು ಇತ್ತು, ತೆಗೆಯೋಕಾಗಲ್ಲ. ಜನಕ್ಕೆಲ್ಲ ಹಚ್ಚೋಕೂ ಆಗಲ್ಲ. ಇಷ್ಟೇ." ಇಷ್ಟೇ ಆಯಿತು.

ಶಾಲಿನವರ ಸರದಿ. ಮೊಹರಿನ ತೆರಿಗೆ ಅಫ್ಘಾನ್ ಆಡಳಿತದಲ್ಲಿ ಶುರುವಾಯಿತು, ಲಾಹೋರ್ ಅದನ್ನು ಮುಂದುವರಿಸಿ ಬಿಗಿ ಮಾಡಿತು. ಅವರು ಒಂದೇ ಉಸಿರಿನಲ್ಲಿ ಓದಿ ಕಾಗದ ಹಾಕಿದರು.

"ಬೇಗ ಓದಿಬಿಟ್ಟೆಯಲ್ಲ," ಎಂದರು ಕಂಟ್ರಾಕ್ಟರ್. "ಅವರು ನಿಮ್ಮವರು ಅಂತ ತಾನೇ ಬಿಟ್ಟದ್ದು?"

"ತೆರಿಗೆ ಹಾಕಿದವನು ಯಾವಾಗ ನಮ್ಮವನಾದ, ಸರ್ದಾರ್‌ಜಿ?" ಅವರು ಶಾಲಿನ ಅಂಚನ್ನು ಸವರಿದರು. "ಬಿಟ್ಟದ್ದು ಅದಕ್ಕಲ್ಲ. ಎಲ್ಲರ ಹೆಸರು ಬರೆದರೆ ಓದಿದವನು 'ಅಯ್ಯೋ, ಎಲ್ಲರೂ ಹಾಗೇ' ಅಂತ ಮುಂದೆ ಹೋಗುತ್ತಾನೆ. ನಮ್ಮವರು ಸತ್ತದ್ದು ಮಾಮೂಲು ಆಗಿಬಿಡುತ್ತದೆ."

ಟೀಚರ್ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಸಾಲು ಇರಲಿ, ಆದರೆ ಬರಗಾಲವನ್ನೂ ಓಡಿಹೋದ ನೇಕಾರರನ್ನೂ ಅದಕ್ಕೆ ಅಂಟಿಸುವುದು ಬೇಡ, ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಹಾಕುವ ಎಂದರು. ಹೆಬ್ಬೆರಳನ್ನು ಅವರೇ ಹೊಡೆದುಹಾಕಿದರು. ಶಾಲಿನವರು ಅದಕ್ಕೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ತಡೆಯಲೂ ಇಲ್ಲ.

ನಾನು ಮುಗಿಯಿತೆಂದು ಏಳುತ್ತಿದ್ದೆ.

"ಕೂತ್ಕೊಳ್ಳಿ ಸಾಹೇಬ್ರೇ. ನಿಮ್ಮದೂ ಒಂದಿದೆ."

"ನನ್ನದೆಂತ ಉಂಟು? ನಾನು ಎರಡೂ ಕಡೆಯವನಲ್ಲ."

"ಎರಡೂ ಬೋರ್ಡಿನಿಂದ ನೀವೇ ತೆಗೆದಿರೋ ಸಾಲು. ಅವರಿಬ್ಬರೂ ಅದನ್ನ ಬೇಡ ಅಂದಿರ್ಲಿಲ್ಲ."

ಓದಬೇಕಾಯಿತು. ಕಾಶ್ಮೀರದಿಂದ ಓಡಿದ ನೇಕಾರರು ಅಮೃತಸರ ಮುಂತಾದ ಪೇಟೆಗಳಲ್ಲಿ ಮಗ್ಗ ಹೂಡಿದರು. ಕಾಶ್ಮೀರದ್ದೆಂದು ಅಗ್ಗಕ್ಕೆ ಮಾರುವ ಮಾಲು ಅಂದಿನಿಂದ ಅಲ್ಲಿ ಬೆಳೆಯಿತು. ಇಂದು ಆ ಜಾಗದಲ್ಲಿ ಮೆಷಿನ್‌ಗಳಿವೆ. ನನ್ನ ದನಿ 'ಅಗ್ಗಕ್ಕೆ' ಎನ್ನುವಲ್ಲಿ ಸಿಕ್ಕಿಕೊಂಡಿತು. ಆ ಸಾಲು ಗೋಡೆಗೆ ಏರಿದರೆ ಅರ್ಬಾಬ್ ಮೆಷಿನ್ ಮಾಲನ್ನು ಬೇರೆ ಕಪಾಟಿಗೆ ಹಾಕುತ್ತಾರೆ, ಅದರ ಹೆಸರು ಕಾಶ್ಮೀರಿ ಆಗಿರುವುದಿಲ್ಲ, ಹಬ್ಬದಲ್ಲಿ ನಾನು ನಂಬಿಕೊಂಡಿದ್ದ ಲಾಭ ಅದರಲ್ಲೇ ಇತ್ತು. ಎದುರಿಗೆ ಇಬ್ಬರೂ ಮೊದಲ ಸಲ ಒಟ್ಟಿಗೆ ನಗುತ್ತಿದ್ದರು.

"ಓದು ಭಾಯಿಜಾನ್, ಓದು. ನಿನ್ನ ಷರತ್ತೇ ಅಲ್ಲವಾ?"

"ಅಮೃತಸರಕ್ಕೆ ಹೋದವರು ನನ್ನವರು, ಕರೆದು ಜಾಗ ಕೊಟ್ಟದ್ದು ಅವರ ಊರು," ಎಂದರು ಶಾಲಿನವರು. "ನಮಗೆ ತೊಂದರೆ ಇಲ್ಲ. ತೊಂದರೆ ಹಾಜಿ ಸಾಬ್‌ಗೆ ಮಾತ್ರ."

ಇರಲಿ ಎಂದೆ. ಅವರಿಬ್ಬರೂ ತಮ್ಮ ತಮ್ಮದನ್ನು ಓದಿದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಮೂರು ಭಾಷೆಯನ್ನೂ ಅದೇ ಪುಟದಿಂದ, ಒಂದೊಂದು ಸಾಲಿನ ಎದುರು ಒಂದೊಂದು ಸಾಲು ಇಟ್ಟು ಮಾಡಿಸಿದೆವು. ಉರ್ದು ಕರಡನ್ನು ಆ ಪೇಶಾವರದ ಪೇಂಟರಿನಿಂದಲೇ ಗಟ್ಟಿಯಾಗಿ ಓದಿಸಿದೆ. ಈ ಸಲ ತಮ್ಮ ಪಠಾಣರ ಹೆಸರು ಬಂದದ್ದಕ್ಕೆ ಆತನ ಮುಖ ಸಪ್ಪಗಾಯಿತು. ಬೋರ್ಡನ್ನು ಕಂಟ್ರಾಕ್ಟರ್ ತಾವೇ ನಿಂತು ಕೂರಿಸಿದರು, ಒಂದು ಸ್ಕ್ರೂ ಸೊಟ್ಟಗಿರಲಿಲ್ಲ. ಪ್ರತಿ ಕೆಲಸದ ಮೂಲೆಗೆ ಹಚ್ಚುವ ತಮ್ಮ ಕಂಪನಿಯ ಸ್ಟಿಕ್ಕರನ್ನು ಅದಕ್ಕೆ ಮಾತ್ರ ಹಚ್ಚಲಿಲ್ಲ. ಕೇಳಿದ್ದಕ್ಕೆ, "ಬಾಗಿಲನ್ನು ನಾನು ಒಪ್ಪಿದ್ದೇನೆ, ಅದರ ಕೆಳಗೆ ನನ್ನ ಫೋನ್ ನಂಬರ್ ಬೇಡ" ಎಂದರು. ಶಾಲಿನವರು ಹಬ್ಬ ಮುಗಿದ ಮರುದಿನವೇ ತಮ್ಮ ಶಾಲು ಒಯ್ದರು, ಪೆಟ್ಟಿಗೆಯಲ್ಲಿ ಈಗ ಹೊಸ ಮಸ್ಸರ್ ಉಂಟು.

ಅರ್ಬಾಬ್ ಎರಡು ಬೋರ್ಡನ್ನು ಓದಿದರು, ಉರ್ದುವಿನದನ್ನು ಓದಿಸಿ ಕೇಳಿದರು. ಮೆಷಿನ್ ಮಾಲಿನ ಕಟ್ಟನ್ನು ಎತ್ತಿ ಪಕ್ಕದ ಕಪಾಟಿಗೆ ಹಾಕಿ, "ಇದರ ಮೇಲೆ ಅಮೃತಸರ ಅಂತ ಬರೆ. ಯಲ್ಲಾ" ಎಂದರು. ಕಾಶ್ಮೀರಿ ಮಾಲಿನ ಗುತ್ತಿಗೆ ನನಗೇ ಬಂತು. ಮೆಷಿನ್ ಮಾಲು ಅರ್ಧ ಬೆಲೆಗೆ ಹೋಯಿತು. ಗೋಡೆಯನ್ನು ಓದುವವರು ಓದುತ್ತಾರೆ, ಉಳಿದವರು ಅದಕ್ಕೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ಇಲ್ಲ.

ಇನ್ನು ನೀವು. ನಿಮ್ಮ ಅಂಗಡಿಯ ಗೋಡೆ ಇರಲಿ, ಸಂಘದ ಸ್ಮರಣ ಸಂಚಿಕೆ ಇರಲಿ, ಒಂದು ಕಾಲದಲ್ಲಿ ಯಾರೋ ಯಾರನ್ನೋ ಆಳಿದ್ದನ್ನು ಬರೆಸುವ ಕೆಲಸ ಮೈಮೇಲೆ ಬಂದರೆ ಮೊದಲು ಬಲ್ಲವರಿಂದ ಬರೆಸಿ, ಬರೆದವರಿಗೆ ಹೇಳದೆ ಒಂದಕ್ಷರವೂ ಮುಟ್ಟಬೇಡಿ. ಭಾಷೆ ಎಷ್ಟೇ ಇರಲಿ, ಒಂದೇ ಪುಟದಿಂದ ಮಾಡಿಸಿ. ಈ ಕೊಲ್ಲಿಯಲ್ಲಿ ಓದಲು ಬಾರದ ಭಾಷೆ ಎಂಬುದಿಲ್ಲ. ಹುಕುಂ ಕೊಟ್ಟವನ ಹುದ್ದೆ ಬರೆಯಿರಿ, ಅವನ ಜಾತಿಯವರನ್ನೆಲ್ಲ ಸಾಲಾಗಿ ನಿಲ್ಲಿಸಬೇಡಿ. ಹಾಗೆಂದು ಹುಕುಮನ್ನೇ ಮರೆಸಲೂ ಬೇಡಿ. ಬೆಲೆಗಾದರೆ ನಡುವೆ ಒಂದು ಅಂಕಿ ಇರುತ್ತದೆ, ಮುಚ್ಚಿದ ಬಾಗಿಲಿಗೆ ಇರುವುದಿಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ. ಇಬ್ಬರನ್ನೂ ಒಂದೇ ಕಡೆ ಕೂರಿಸಿ, ಹೊಟ್ಟೆಗೆ ಏನಾದರೂ ಕೊಡಿ. ಪ್ರಿಂಟಿಗೆ ಕ್ಯಾಶ್ ಕೊಡುವ ಮೊದಲು, ಯಾರಿಗೆ ಯಾವ ಸಾಲು ಬೇಡವೋ ಅವರ ಬಾಯಿಂದಲೇ ಅದನ್ನು ಓದಿಸಿ. ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಇಟ್ಟು ಕಾಯಿರಿ. ಆಮೇಲೆ ಕಾಗದವನ್ನು ನೀವು ತೆಗೆದುಕೊಂಡು ನಿಮ್ಮ ಸಾಲನ್ನೂ ಹುಡುಕಿ. ಇರುತ್ತದೆ.